ಉಚ್ಚಂಗಮ್ಮ ತೋರಿಸದ ಜಾಗ

ಸಂತೆಯ ದಿನ ದವಾಖಾನೆಗೆ ಬರುವ ಹೆಂಗಸರೆಲ್ಲ ಸಂತೆ ತಿರುಗಲೆಂದೇ ಹೊಟ್ಟೆನೋವು ತರಿಸಿಕೊಳ್ಳುತ್ತಾರೆ ಎಂದು ಅಜ್ಜಂಪುರದ ಒಂದು ಖಾಸಗಿ ದವಾಖಾನೆಯ ಗುಮಾಸ್ತ ಬಹಳ ದಿನ ನಂಬಿದ್ದ. ಬೇರೆ ದಿನ ಖಾಲಿ ಬೆಂಚು, ಸಂತೆಯ ದಿನ ಸೀರೆಗಳ ಸಾಲು. ಇಷ್ಟು ಸಾಕ್ಷಿ ಅವನಿಗೆ ಸಾಕಾಗಿತ್ತು. ಕೂಲಿಯವರಿಗೆ ವಾರದಲ್ಲಿ ಬಿಡುವು ಸಿಗುವುದೇ ಅದೊಂದು ದಿನ ಎಂದು ಹೊಳೆಯಲು ಎಸ್ಸೆಸ್ಸೆಲ್ಸಿ ಪಾಸಾದ ಆ ತಲೆಗೆ ಒಂದೂವರೆ ವರ್ಷ ಹಿಡಿಯಿತು. ಆ ಬುದ್ಧಿವಂತ ಬೇರೆ ಯಾರೂ ಅಲ್ಲ, ಇದನ್ನು ಬರೆಯುತ್ತಿರುವವನೇ. ಗುಮಾಸ್ತ ಎಂದರೆ ಸಾಕು ಅವನಿಗೆ, ಹೆಸರು ಬೇಡ. ಕಥೆ ಉಚ್ಚಂಗಮ್ಮನದು.

ಉಚ್ಚಂಗಮ್ಮನಿಗೆ ಆಗ ಮೂವತ್ತೈದರ ಆಸುಪಾಸು. ಊರಿನ ಕಡಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುವ ಕೆಲಸ. ಗಂಡ ಪುಟ್ಟಯ್ಯ ಬೀರೂರಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮೂರು ಮಕ್ಕಳಾದ ಮೇಲೆ, ಎಪ್ಪತ್ತಾರನೇ ಇಸವಿಯಲ್ಲಿ, ಅವಳಿಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿತ್ತು. ಎರಡು ವರ್ಷ ಕಳೆದು ಕೆಳಹೊಟ್ಟೆಯ ಬಲಗಡೆ ಒಂದು ನೋವು ಕಾಣಿಸಿಕೊಂಡಿತು. ನಾಲ್ಕು ದಿನ ಇದ್ದು ಹೋಯಿತು. ಮುಂದಿನ ತಿಂಗಳು ಮತ್ತೆ ಬಂತು. ಆಮೇಲೆ ಅದಕ್ಕೆ ತಿಂಗಳ ಲೆಕ್ಕವೂ ತಪ್ಪಿತು.

"ಹೊಕ್ಕುಳು ಜಾರೈತೆ ಕಣೇ. ಭಾರ ಎತ್ತಬ್ಯಾಡ ಅಂದ್ರೆ ಕೇಳ್ತೀಯಾ ನೀನು?" ಎಂದು ಅತ್ತೆ ಜವರಮ್ಮ ಅವಳನ್ನು ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಪುಟ್ಟ ದೀಪ ಹಚ್ಚಿಟ್ಟು ಹಿತ್ತಾಳೆ ಚೊಂಬು ಕವುಚಿದಳು. ಚೊಂಬು ಗಬಕ್ಕನೆ ಕಚ್ಚಿ ಹಿಡಿಯಿತು. ನೋವು ಮಾತ್ರ ಚೊಂಬಿಗೆ ಹೆದರಲಿಲ್ಲ.

ಮಿಲ್ಲಿನಲ್ಲಿ ಪಕ್ಕ ಕೂರುವ ಭಾಗಮ್ಮ ಬೇರೆಯೇ ಕಾರಣ ಹೇಳಿದಳು: "ಕುಯ್ದ ಹೊಟ್ಟೆ ಕಣೇ ಅದು, ಸಾಯಾಗಂಟ ನೋಯ್ತದೆ. ನಂಗೇನು ನೋಯಾಕಿಲ್ವಾ?" ಆಪರೇಷನ್ ಆದ ಹೆಂಗಸಿಗೆ ಇನ್ನೊಂದು ಕಾಯಿಲೆ ಬರುವ ಹಕ್ಕೇ ಊರಿನಲ್ಲಿ ಇರಲಿಲ್ಲ. ಜ್ವರ ಬಂದರೂ ಆಪರೇಷನ್, ಸೊಂಟ ಹಿಡಿದರೂ ಆಪರೇಷನ್. ಉಚ್ಚಂಗಮ್ಮನೂ ಹೌದೆಂದುಕೊಂಡು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಹೊಟ್ಟೆ ಮುಂದಕ್ಕೆ ಬರತೊಡಗಿತು. ಮಿಲ್ಲಿನ ಮೇಸ್ತ್ರಿ ಕೆಂಚಪ್ಪನ ಕಣ್ಣು ಅಲ್ಲಿಗೇ ಬಿತ್ತು. "ಏನಮ್ಮೋ ಉಚ್ಚಂಗಮ್ಮ, ಸರ್ಕಾರದ ಆಪರೇಷನ್ ಕೈ ಕೊಡ್ತೋ, ಹೆಂಗೆ? ಪುಟ್ಟಯ್ಯ ಊರಾಗೇ ಇರಾಕಿಲ್ವಲ್ಲ!" ಆರಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿ ನಕ್ಕರು. ಅಂದಿನಿಂದ ಉಚ್ಚಂಗಮ್ಮ ಸೀರೆಯನ್ನು ನೋಯುವಷ್ಟು ಬಿಗಿದು ಉಡತೊಡಗಿದಳು. ಕೆಳಹೊಟ್ಟೆಯ ಮೇಲೆ ಕೈಯಿಟ್ಟರೆ ಸಾಕು, ಊರು ಕೆಂಚಪ್ಪನ ಮಾತನ್ನೇ ನಿಜ ಮಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆದರೂ ತಡೆಯಲಾಗದೆ ಒಂದು ಸಂತೆಯ ದಿನ ದವಾಖಾನೆಗೆ ಬಂದಳು. ಅಲ್ಲಿಯ ಪದ್ಧತಿ ಹೀಗೆ: ಬೀದಿಗೆ ತೆರೆದ ಕಿಟಕಿಯಲ್ಲಿ ಗುಮಾಸ್ತ ಕೂತು ಹೆಸರು, ವಯಸ್ಸು, ಕಾಯಿಲೆ ಕೇಳಿ ಚೀಟಿ ಬರೆಯಬೇಕು.

"ಏನಮ್ಮ ಕಾಯ್ಲೆ? ಜೋರಾಗಿ ಹೇಳು, ಕೇಳ್ಸಲ್ಲ."

"ಹೊಟ್ಟೆನೋವು ಸ್ವಾಮಿ."

"ಎಲ್ಲಿ ನೋವು, ಕೈಯಿಟ್ಟು ತೋರ್ಸು."

ಉಚ್ಚಂಗಮ್ಮ ತಿರುಗಿ ನೋಡಿದಳು. ಬೆನ್ನ ಹಿಂದೆ ಹತ್ತು ಜನ, ಅದರಲ್ಲಿ ಆರು ಗಂಡಸರು. ಕೈ ಮೇಲಕ್ಕೆ ಹೋಗಿ ಎದೆಗೂಡಿನ ಕೆಳಗೆ ನಿಂತಿತು. "ಇಲ್ಲಿ ಉರಿ ಸ್ವಾಮಿ."

ಗುಮಾಸ್ತ ಠೀವಿಯಿಂದ 'ಗ್ಯಾಸ್' ಎಂದು ಬರೆದ. ಒಳಗೆ ಡಾಕ್ಟರ್ ಮಲ್ಲಿಕಾರ್ಜುನಯ್ಯನವರ ಮುಂದೆಯೂ ಮೂವರು ರೋಗಿಗಳು ಬೆಂಚಿನ ಮೇಲೆ ಕೂತೇ ಇದ್ದರು. ಡಾಕ್ಟರು ಚೀಟಿ ಓದಿ, ನಾಲಿಗೆ ನೋಡಿ, ಗುಲಾಬಿ ಬಣ್ಣದ ಔಷಧಿ ಬರೆದರು. ಹೀಗೆ ಎಂಟು ತಿಂಗಳು, ಎಂಟು ಚೀಟಿ. ಕೊನೆಕೊನೆಗೆ ಗುಮಾಸ್ತ ಅವಳ ಮುಖ ಕಂಡ ಕೂಡಲೆ, ಕೇಳದೆಯೇ 'ಗ್ಯಾಸ್' ಎಂದು ಬರೆದುಬಿಡುತ್ತಿದ್ದ.

ಒಂಬತ್ತನೇ ತಿಂಗಳು ಮಿಲ್ಲಿನಲ್ಲೇ ಅವಳು ವಾಂತಿ ಮಾಡಿಕೊಂಡು ಬಿದ್ದಳು. ಭಾಗಮ್ಮನೂ ಮತ್ತಿಬ್ಬರೂ ಎತ್ತಿನಗಾಡಿಯಲ್ಲಿ ಹಾಕಿಕೊಂಡು ಬಂದರು. ಅಂದು ಮೊದಲ ಸಲ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಒತ್ತಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು. ಕಾಗದ ಬರೆದು ಗುಮಾಸ್ತನ ಕೈಗಿತ್ತು, "ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು, ಈಗ್ಲೇ" ಎಂದರು.

ಬೀರೂರಿನಲ್ಲಿ ರೈಲು ಬದಲಿಸುವಾಗ ಗೂಡ್ಸ್ ಶೆಡ್ಡಿಗೆ ಹೇಳಿಕಳಿಸಿದ್ದರಿಂದ ಪುಟ್ಟಯ್ಯ ಮೈಮೇಲಿನ ಸಿಮೆಂಟು ಧೂಳು ಸಮೇತ ಓಡಿಬಂದು ಹತ್ತಿಕೊಂಡ. ತರೀಕೆರೆ ಸ್ಟೇಷನ್ನಿನಲ್ಲಿ ಅವಳು ನೀರು ಕೇಳಿದಳು. ಬಾಯಿಗೆ ಏನೂ ಕೊಡಬಾರದೆಂದು ಡಾಕ್ಟರು ಹೇಳಿದ್ದರಿಂದ ಗುಮಾಸ್ತ ಕೊಡಲು ಬಿಡಲಿಲ್ಲ. ಪುಟ್ಟಯ್ಯ ಟವೆಲ್ಲಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತಿದ.

ಆಪರೇಷನ್ ಮುಗಿಸಿ ಬಂದ ಲೇಡಿ ಡಾಕ್ಟರು ಹೊರಗೆ ನಿಂತಿದ್ದ ಇಬ್ಬರಿಗೂ ಹೇಳಿದರು: ಅಂಡಾಶಯದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ, ತಿರುಚಿಕೊಂಡಿತ್ತು, ತೆಗೆದಿದ್ದೇವೆ, ಕೆಟ್ಟ ಜಾತಿಯದು, ಕರುಳಿಗೂ ಹರಡಿದೆ, ಅದನ್ನೆಲ್ಲ ತೆಗೆಯಲು ಆಗಲಿಲ್ಲ. "ಕೆಳಹೊಟ್ಟೆ ನೋವಂದ್ರೆ ಒಂದೇ ಕಾಯ್ಲೆ ಏನ್ರೀ? ಮೂತ್ರದ ಕಲ್ಲಿರ್ಬೋದು, ಅಪೆಂಡಿಕ್ಸ್ ಇರ್ಬೋದು, ಗರ್ಭಕೋಶಕ್ಕೆ ನಂಜಾಗಿರ್ಬೋದು. ಮುಟ್ಟಿ ನೋಡ್ದೆ ಹೆಂಗೆ ಗೊತ್ತಾಗುತ್ತೆ? ಆರೇಳು ತಿಂಗಳ ಹಿಂದೆ ಬಂದಿದ್ರೆ ನಿಮ್ಮೋಳು ಉಳೀತಿದ್ಲು. ಇದಕ್ಕೆ ಮುಂಚೆ ಎಲ್ಲೂ ತೋರಿಸ್ಲೇ ಇಲ್ವಾ?"

ಪುಟ್ಟಯ್ಯ ಗುಮಾಸ್ತನ ಮುಖ ನೋಡಿದ. ಗುಮಾಸ್ತ ಗೋಡೆಯ ಕ್ಯಾಲೆಂಡರ್ ನೋಡಿದ.

ನಾಲ್ಕನೇ ದಿನ ಅವಳಿಗೆ ಕೂರುವಷ್ಟು ತ್ರಾಣ ಬಂತು. ಇರುವ ವಿಷಯ ಯಾರೂ ಹೇಳದೆಯೇ ಅವಳಿಗೆ ತಿಳಿದುಹೋಗಿತ್ತು. ದೊಡ್ಡ ಮಗಳನ್ನು ಸ್ಕೂಲು ಬಿಡಿಸಬೇಡ ಎಂದು ಗಂಡನ ಕೈಯಲ್ಲಿ ಆಣೆ ಮಾಡಿಸಿಕೊಂಡಿದ್ದಳು. ಪುಟ್ಟಯ್ಯ ಗಂಜಿ ತರಲು ಹೋದಾಗ, ಊರಿಗೆ ಮರಳದೆ ಮಂಚದ ಪಕ್ಕ ನಿಂತಿದ್ದ ಗುಮಾಸ್ತನಿಗೆ ತಪ್ಪನ್ನು ಅರ್ಧವಾದರೂ ಅವಳ ಪಾಲಿಗೆ ಹಾಕದೆ ಸಮಾಧಾನವಾಗಲಿಲ್ಲ. ಕೇಳಿಯೇಬಿಟ್ಟ:

"ಎಂಟು ಸಲ ಬಂದ್ಯಲ್ಲಮ್ಮ. ಒಂದು ಸಲನಾದ್ರೂ ಕೆಳಗೆ ನೋಯ್ತದೆ ಅಂತ ಯಾಕೆ ಹೇಳ್ಲಿಲ್ಲ?"

ಉಚ್ಚಂಗಮ್ಮ ಅವನನ್ನು ನೆಟ್ಟಗೆ ನೋಡಿದಳು. ಈ ಸಲ ಸ್ವಾಮಿ ಎನ್ನಲಿಲ್ಲ.

"ಹೇಳಾಣ ಅಂತ್ಲೇ ಎಂಟು ಸಲ ಬಂದೆ ಕಣಪ್ಪ. ಎಂಟು ಸಲಾನೂ ಕಿಟಕೀಲಿ ನೀನೇ ಕುಂತಿದ್ದೆ."