ದಾಸಮ್ಮ ಮುಂದುವರಿಸಿದ ನಂಜಕ್ಕನ ಕತೆ

ಕುರಿ ಮೇಯುತ್ತಿದ್ದ ಬಯಲಿಗೆ ಕಾರ್ಖಾನೆಯ ಬೇಲಿ ಬಿದ್ದ ಮೇಲೆ ದಾಸಮ್ಮನ ಮನೆಯವರು ಕುರಿ ಮಾರಿದರು. ಗಂಡ ಹೊನ್ನಯ್ಯ ಅದೇ ಕಾರ್ಖಾನೆಯ ಗೇಟು ಕಾಯಲು ಸೇರಿದ. ದಾಸಮ್ಮ ದೊಡ್ಡಮಳೂರಿನ ಹತ್ತಿರದ ಒಂದು ಹಳೇ ತೊಟ್ಟಿಮನೆಗೆ ಅಡುಗೆಗೆ ಹೋದಳು.

ಹಿಂದೆ ಆ ಮನೆಯಲ್ಲಿ ಹೆಸರಾಂತ ಕಾದಂಬರಿಕಾರರೊಬ್ಬರು ಇದ್ದರು. ಅವರ ಮೊಮ್ಮಗ ಅನಂತರಾಜು ಅದಕ್ಕೆ ಸುಣ್ಣಬಣ್ಣ ಮಾಡಿಸಿ, ರಜೆಗೆ ಬಂದು ತಂಗುವವರಿಗೆ ಬಿಟ್ಟುಕೊಡುತ್ತಿದ್ದ. ತಾತನ ಕಾದಂಬರಿ ನಡೆಯುವುದೂ ಅದೇ ಮನೆಯಲ್ಲಿ. ಬಂದವರು ಪುಸ್ತಕ ಹಿಡಿದು ಸುತ್ತುತ್ತ, ನಂಜಕ್ಕ ಕೂರುತ್ತಿದ್ದ ಜಗಲಿ ಇದೇ ಇರಬೇಕು ಅನ್ನುತ್ತಿದ್ದರು.

ಯಾರೀ ನಂಜಕ್ಕ? ದಾಸಮ್ಮನಿಗೆ ಓದು ಬಾರದು. ಹೊನ್ನಯ್ಯನ ಓದು ಹೆಸರು ಬರೆಯುವಷ್ಟಕ್ಕೇ ಮುಗಿದಿತ್ತು. ತಡೆಯಲಾರದೆ ಒಬ್ಬರನ್ನು ಕೇಳಿದಳು. ಅವಳು ಅವರೆಕಾಯಿ ಬಿಡಿಸುವಾಗ ಅವರು ಪಕ್ಕದಲ್ಲೇ ಕೂತು ಮೊದಲ ಅಧ್ಯಾಯ ಓದಿದರು. ಮುಂದೆ ಬಂದವರು ಎರಡನೆಯದು. ಅದೇ ರೂಢಿಯಾಯಿತು. ಅತ್ತೆ ನಂಜಕ್ಕನನ್ನು ಕೋಣೆಗೆ ಕೂಡಿಹಾಕಿದ ಭಾಗ ಬರುವ ಹೊತ್ತಿಗೇ ಕನ್ನಡ ಬಾರದ ಸಂಸಾರವೊಂದು ಬಂದು ಉಳಿದಾಗ ದಾಸಮ್ಮ ಚಡಪಡಿಸಿಹೋದಳು.

ಕೊನೆಯ ಅಧ್ಯಾಯ ಓದಿದವಳು ಮಾಗಡಿಯ ಟೀಚರ್ ಲತಾಮಣಿ. ನಂಜಕ್ಕ ಹಿತ್ತಲ ಬಾವಿಗೆ ಬಿದ್ದಳು ಅನ್ನುವಲ್ಲಿ ಲತಾಮಣಿಯ ದನಿಯೇ ಕುಗ್ಗಿತು. ದಾಸಮ್ಮ ಎದ್ದು ಒಳಗೆ ಹೋದಳು. ಅವತ್ತಿನ ಬಸ್ಸಾರಿಗೆ ಉಪ್ಪೇ ಬೀಳಲಿಲ್ಲ.

ಮುಂದಿನ ವಾರ ಬಂದವರಿಗೆ ಅವಳೇ ಕತೆ ಹೇಳಿದಳು. ಅವಳ ನಂಜಕ್ಕ ಬಾವಿಯ ತನಕ ಹೋಗಿ, ಮುಖ ತೊಳೆದು, ಸೆರಗು ಬಿಗಿದು, ಪುಟ್ಟ ಮಗಳನ್ನು ಎತ್ತಿಕೊಂಡು ಚನ್ನಪಟ್ಟಣದ ದಾರಿ ಹಿಡಿದಳು. ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿದಳು.

ಸುದ್ದಿ ಅನಂತರಾಜುವಿನ ಕಿವಿಗೆ ಬಿತ್ತು. ತಾತ ಬರೆದದ್ದನ್ನು ತಿದ್ದುವುದೇ ಎಂದು ಇರುಸುಮುರುಸಾಗಿ, ಬಂದು ಕೇಳಿಯೇಬಿಟ್ಟ.

"ತಾತಪ್ಪ ಬರ್ದಿದ್ದು ಪುಸ್ತಕದಾಗೆ ಅಂಗೇ ಐತೆ ರಾಜಣ್ಣ, ನಾನೇನೂ ಅಳಿಸ್ನಿಲ್ಲ," ಅಂದಳು ದಾಸಮ್ಮ. "ದಿನಾ ಆ ಬಾವಿ ನೀರು ಸೇದೋಳು ನಾನು. ಅವಳ್ನ ಅದ್ರೊಳಗೆ ಬುಟ್ಟು ಎಂಗೆ ಅಡ್ಗೆ ಮಾಡ್ಲಿ?"

ಅನಂತರಾಜುವಿಗೆ ನಗು ತಡೆಯಲಾಗಲಿಲ್ಲ. ಆಮೇಲಾಮೇಲೆ ಬರುವವರಿಗೆ, ಪುಸ್ತಕ ಮುಗಿಸಿಕೊಂಡು ಬನ್ನಿ, ಮುಂದಿನದು ದಾಸಮ್ಮ ಹೇಳುತ್ತಾಳೆ ಎಂದು ಅವನೇ ಹೇಳತೊಡಗಿದ. ಅದಕ್ಕೆಂದೇ ಜನ ಮತ್ತೆ ಮತ್ತೆ ಬಂದರು. ನಂಜಕ್ಕನ ಬದುಕೂ ಬೆಳೆಯಿತು: ಎಮ್ಮೆ ಕಟ್ಟಿದಳು, ಮಗಳನ್ನು ಓದಿಸಿದಳು, ಮೈಸೂರಿನ ದಸರಾ ನೋಡಿ ಬಂದಳು.

ಡ್ಯೂಟಿ ಮುಗಿಸಿ ಅವಳನ್ನು ಕರೆದೊಯ್ಯಲು ಬರುತ್ತಿದ್ದ ಹೊನ್ನಯ್ಯನೂ ಕಂಬಕ್ಕೆ ಒರಗಿ ಕೇಳುತ್ತಿದ್ದ. ದಸರೆಯ ಮಾತು ತನಗೇ ಹೇಳಿದ್ದೆಂದು ಅವನಿಗೆ ಹೊಳೆಯಲು ಒಂದು ವರ್ಷ ಹಿಡಿಯಿತು. ಆ ಸಲದ ದಸರೆಗೆ ಇಬ್ಬರೂ ಮೈಸೂರಿನ ರೈಲು ಹತ್ತಿದರು.