ಜಾಗ ಹೇಳದ ಚಿಪ್ಪುಗಳು

ನನ್ನ ಅಣ್ಣನಿಗೂ ನನಗೂ ಜಗಳ ಆಗುತ್ತಿದ್ದದ್ದು ಆಸ್ತಿಗಲ್ಲ, ಕಲ್ಲಿಗೆ. ಅವನು ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಕೊಚ್ಚಿಗೆ ಬಂದು ಪಕ್ಕದ ತ್ರಿಪ್ಪೂಣಿತ್ತುರದಲ್ಲೇ ನೆಲೆ ನಿಂತವನು. ನಾನು ತಿರುವನಂತಪುರದ ಭೂವಿಜ್ಞಾನದ ಸರ್ಕಾರಿ ಸಂಸ್ಥೆಯೊಂದರಲ್ಲಿ ಕೂದಲು ಹಣ್ಣಾಗುವವರೆಗೆ ದುಡಿದವಳು. ಭಾನುವಾರ ಬಂತೆಂದರೆ ಅವನು ಹಿನ್ನೀರಿನ ದಂಡೆ, ಜೇಡಿಮಣ್ಣಿನ ಗುಂಡಿ ಅಂತ ಅಲೆದು, ಕಲ್ಲಾಗಿಹೋದ ಶಂಖ, ಚಿಪ್ಪು, ಏಡಿಗಳನ್ನು ಆರಿಸಿ ತಂದು ಬೀರುವಿನಲ್ಲಿ ಜೋಡಿಸುತ್ತಿದ್ದ.

“ಇವೆಲ್ಲ ಮನೇಲಿ ಇಟ್ಕೊಳ್ಳೋ ವಸ್ತುನಾ ಅಣ್ಣಾ? ನಮ್ಮ ಆಫೀಸಿನ ಮ್ಯೂಸಿಯಮ್ಮಿಗೆ ಕೊಡು” ಎಂದು ನಾನು ರೇಗುತ್ತಿದ್ದೆ.

“ಹೋಗೇ, ನಾನು ಎತ್ತದಿದ್ರೆ ಮುಂದಿನ ಮಳೆಗೆ ಕೊಚ್ಕೊಂಡು ಹೋಗ್ತಿತ್ತು. ನಿಮ್ಮ ಆಫೀಸಲ್ಲಿ ಗೋಣಿಚೀಲದಲ್ಲಿ ಬಿದ್ದಿರೋದಕ್ಕಿಂತ ನನ್ನ ಹತ್ರ ಸುಖವಾಗಿದೆ” ಎನ್ನುತ್ತಿದ್ದ. ಅದೂ ಸುಳ್ಳಲ್ಲ. ನಮ್ಮ ಗೋದಾಮಿನ ಕಥೆ ನನಗೆ ಗೊತ್ತಿಲ್ಲವೇ!

ಆದರೆ ಇವನ್ನು ಮಾರುವವರನ್ನು ಕಂಡರೆ ಇಬ್ಬರಿಗೂ ಮೈ ಉರಿಯುತ್ತಿತ್ತು. ಅಣ್ಣ ಒಮ್ಮೆ ಮಾತಿನ ಹುರುಪಿನಲ್ಲಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿನ ಹಳೇ ಸಾಮಾನಿನ ಅಂಗಡಿಯವನೊಬ್ಬನಿಗೆ ಏಡಿ ಸಿಕ್ಕಿದ ದಂಡೆ ಯಾವುದೆಂದು ಹೇಳಿಬಿಟ್ಟ. ಮತ್ತೆ ಹೋಗಿ ನೋಡಿದರೆ ದಂಡೆಯನ್ನೇ ಬಗೆದು ಹಾಕಿದ್ದರು. ಚೆನ್ನಾಗಿದ್ದದ್ದು ಅಂಗಡಿಗೆ, ಮುರಿದದ್ದು ಕೆಸರಿಗೆ. ಮನೆಗೆ ಬಂದವನೇ, ಪ್ರತಿ ಚಿಪ್ಪಿಗೂ ಅಂಟಿಸಿದ್ದ ಊರು, ಜಾಗದ ಚೀಟಿಗಳನ್ನೆಲ್ಲ ಕಿತ್ತು ಸುಟ್ಟ. “ಇನ್ನು ಒಂದು ನರಪಿಳ್ಳೆಗೂ ಗೊತ್ತಾಗಬಾರದು. ನನಗೆ ನೆನಪಿದೆ, ಸಾಕು” ಎಂದ. ಎಲ್ಲಿ ಸಿಕ್ಕಿದ್ದೆಂದು ಗೊತ್ತಿಲ್ಲದ ಪಳೆಯುಳಿಕೆ ವಿಜ್ಞಾನಕ್ಕೆ ಬರೀ ಕಲ್ಲು ಎಂದು ಬಾಯಿ ನೋಯುವಷ್ಟು ಹೇಳಿದೆ. ಕೇಳಿದರೆ ತಾನೇ!

ಈಗ ಆ ನೆನಪೇ ಹೋಗಿದೆ. ಮರೆವಿನ ಕಾಯಿಲೆ. ಈಗ ತಾನೇ ಉಂಡದ್ದೂ ಗೊತ್ತಾಗುವುದಿಲ್ಲ. ಹೋದ ತಿಂಗಳು ಅತ್ತಿಗೆ ಫೋನು ಮಾಡಿ, “ಇವರನ್ನ ನೋಡ್ಕೊಳ್ಳೋ ಹೋಮ್ ನರ್ಸ್ ಮಲಗೋಕೆ ಆ ರೂಮು ಬೇಕು ಕಣಮ್ಮ. ಬೀರು ಖಾಲಿ ಮಾಡಲೇಬೇಕು. ಮಟ್ಟಾಂಚೇರಿಯವರು ಗಾಡಿ ತರ್ತೀವಿ ಅಂತಿದ್ದಾರೆ” ಎಂದರು. ನಾನು ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಹಳೆಯ ಆಫೀಸಿಗೆ ಓಡಿ, ಮ್ಯೂಸಿಯಂ ಸಂಗ್ರಹ ನೋಡಿಕೊಳ್ಳುವ ಹಳೆಯ ಸಹೋದ್ಯೋಗಿಯನ್ನು ಕಾಡಿ ಬೇಡಿದೆ. “ಜಾಗ ಹೇಳಿ ಮೇಡಂ, ನಾಳೆಯೇ ತಗೋತೀವಿ. ಜಾಗ ಇಲ್ಲದೆ ಏನು ಮಾಡ್ಲಿ?” ಎಂದ. ಬಯ್ಯಲೂ ಆಗಲಿಲ್ಲ, ಅವನ ಕುರ್ಚಿಯಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ರೈಲು ಹತ್ತಿ ಅಣ್ಣನ ಮನೆಗೆ ಹೋದೆ. ಮಾರನೆಯ ದಿನವೇ ಗಾಡಿ ಬರುವುದಿತ್ತು. ಒಂದಾದರೂ ಉಳಿಯಲಿ ಎಂದು ಅವನ ಅಂಗೈಯಲ್ಲಿ ಶಂಖವೊಂದನ್ನು ಇಟ್ಟು, “ಅಣ್ಣಾ, ಇದು ಎಲ್ಲಿ ಸಿಕ್ಕಿದ್ದು?” ಎಂದು ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ, ನಾನು ಹುಟ್ಟಿದಾಗಿನಿಂದ ಮೊದಲ ಸಲ, ನನ್ನೊಡನೆ ಮಲಯಾಳದಲ್ಲಿ ಮಾತಾಡಿದ. “ಚೇಚ್ಚಿ ಕಚ್ಚವಡತ್ತಿನು ವನ್ನದಾಣೋ?” ಅಕ್ಕಾ, ವ್ಯಾಪಾರಕ್ಕೆ ಬಂದಿರಾ ಎಂದು. ಅಯ್ಯೋ ದೇವರೇ! ಬಜಾರಿ ಎನಿಸಿಕೊಂಡವಳು ನಾನು, ಅವನೆದುರೇ ಅತ್ತುಬಿಟ್ಟೆ.

ನನ್ನ ಕಣ್ಣೀರು ಕಂಡು ಅವನಿಗೇ ಪಾಪ ಎನಿಸಿರಬೇಕು. ಶಂಖವನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮಲಯಾಳದಲ್ಲೇ ಸಮಾಧಾನ ಹೇಳಿದ: “ಬೇಜಾರು ಮಾಡ್ಕೋಬೇಡಿ. ನಿಮಗೆ ಹೇಳೋ ಹಾಗಿಲ್ಲ. ತಿರುವನಂತಪುರದಿಂದ ನನ್ನ ತಂಗಿ ಬರ್ತಾಳೆ, ಅವಳೊಬ್ಬಳಿಗೇ ಹೇಳೋದು.”

ನಾನು ಅಲ್ಲೇ ಕೂತೆ. ಸಂಜೆಯವರೆಗೂ ಇಬ್ಬರೂ ಅವಳ ದಾರಿ ಕಾದೆವು.