ಪರದೆ ಹೇಳಿದ್ದು, ವಾಲ್ವ್ ಕೇಳಿದ್ದು

ಸಂಡೂರು ರಸ್ತೆಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟ್ ವಿಭಾಗದವಳು. ನೆಂಟರು ಯಾರಾದರೂ ನಿನ್ನ ಕೆಲಸ ಏನು ಎಂದು ಕೇಳಿದರೆ ಮೈ ಉರಿಯುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಅವರು ಮದುವೆಯ ಮಾತಿಗೆ ಬಂದಿರುತ್ತಾರೆ. ಇಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ಕಂಟ್ರೋಲ್ ರೂಮಿನಲ್ಲಿ ಕೂತವನು ನೀರಿನ ವಾಲ್ವ್ ಅರ್ಧ ತೆರೆಯಲಿ ಎಂದು ಪರದೆಯ ಮೇಲೆ ಅಂಕಿ ಒತ್ತುತ್ತಾನೆ. ವಾಲ್ವಿಗೆ ಅಂಕಿ ತಿಳಿಯುವುದಿಲ್ಲ, ಕರೆಂಟು ತಿಳಿಯುತ್ತದೆ. ನಡುವೆ ಪ್ಯಾನಲ್ ಎಂಬ ಕಬ್ಬಿಣದ ಬೀರುವಿನೊಳಗೆ ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಕಾರ್ಡು ಕೂತು, ಆ ಅಂಕಿಯನ್ನು ಸಣ್ಣ ಕರೆಂಟಾಗಿ ಬದಲಿಸಿ ಎರಡು ತಂತಿಗಳಲ್ಲಿ ಕಳಿಸುತ್ತದೆ. ನಾಲ್ಕು ಮಿಲಿಆಂಪ್ ಬಂದರೆ ವಾಲ್ವ್ ಮುಚ್ಚುತ್ತದೆ, ಇಪ್ಪತ್ತು ಬಂದರೆ ಪೂರ್ತಿ ತೆರೆಯುತ್ತದೆ, ಹನ್ನೆರಡಕ್ಕೆ ಅರ್ಧ. ಕುಲುಮೆಯಿಂದ ಬರುವ ಕೆಂಡದಂಥ ಕಬ್ಬಿಣ ತಣ್ಣಗಾಗುವುದು ಈ ನೀರಿನಿಂದಲೇ.

ಆ ಪರದೆಯ ಮುಂದೆ ಕೂರುತ್ತಿದ್ದವನು ಕಂಪ್ಲಿಯವನು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ, ಅವನು ತಂಗಿ ಎನ್ನುತ್ತಿದ್ದ. ತನ್ನ ಓಣಿಯ ಹುಡುಗರನ್ನೆಲ್ಲ ಕರೆತಂದು ಕಾಂಟ್ರಾಕ್ಟರನ ಹತ್ತಿರ ಕೆಲಸಕ್ಕೆ ಸೇರಿಸುವುದು ಅವನಿಗೊಂದು ಚಟ.

ಆಯುಧಪೂಜೆಗೆ ನಾನು ರಜೆ ಹಾಕಿ ಕಮಲಾಪುರದ ಮನೆಗೆ ಹೋಗಿದ್ದೆ. ಮರುದಿನ ಬೆಳಗ್ಗೆ ಕೆಲಸಕ್ಕೆ ಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ನೀರು ಸಾಲದೆ ಕಬ್ಬಿಣ ಕೆಂಪಗೇ ಹೊರಬಿದ್ದು, ಅದನ್ನು ಸಾಗಿಸುವ ರಬ್ಬರ್ ಬೆಲ್ಟಿಗೆ ಬೆಂಕಿ ಹತ್ತಿತ್ತು. ಅಲ್ಲಿ ಕಸ ಬಳಿಯುತ್ತಿದ್ದ ಆಳಿನ ಎರಡೂ ಕಾಲು ಸುಟ್ಟಿದ್ದವು. ಅವನೂ ಅಣ್ಣನ ಓಣಿಯವನೇ, ಅಣ್ಣನೇ ಸೇರಿಸಿದವನು.

ನೀರಿನ ಮೀಟರು ರಿಪೇರಿಗೆ ಹೋಗಿತ್ತು, ಹಾಗಾಗಿ ನೀರು ಎಷ್ಟು ಹರಿಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರಿಗೆ ಮಾತ್ರ ಎಲ್ಲ ಗೊತ್ತಿತ್ತು.

"ನೀರು ಕಮ್ಮಿ ಮಾಡಿ ಮಲಗಿರ್ತೀಯ. ಬೆಂಕಿ ಕಂಡ ಮ್ಯಾಲ ಏರಿಸಿ ಇಟ್ಟೀಯ. ನಾಳೆಯಿಂದ ಬರಬ್ಯಾಡ."

"ಅರ್ಧಕ್ಕ ಇಟ್ಟಿದ್ದೆ ಸಾಹೇಬ್ರ. ಮುಟ್ಟಿಲ್ಲ," ಎಂದ ಅಣ್ಣ.

ನನಗೆ ಸಿಟ್ಟು ನೆತ್ತಿಗೇರಿತು. ಅದೇ ಎರಡು ತಂತಿಗಳ ಮೇಲೆ ವಾಲ್ವಿನ ಜೊತೆ ಮಾತಾಡುವ ಒಂದು ಕೈಯುಪಕರಣ ನಮ್ಮಲ್ಲಿದೆ. ಅದನ್ನು ಹಿಡಿದು ವಾಲ್ವಿನ ಹತ್ತಿರ ಹೋಗಿ, ನಿನಗೆಷ್ಟು ಬರುತ್ತಿದೆ ಎಂದು ಕೇಳಿದೆ. ಆರು ಎಂದಿತು. ಪರದೆ ಇನ್ನೂ ಹನ್ನೆರಡು ಕಳಿಸುತ್ತಿದ್ದೇನೆ ಎನ್ನುತ್ತಿತ್ತು. ಅಣ್ಣ ಸುಳ್ಳು ಹೇಳಿರಲಿಲ್ಲ! ಕುಣಿಯುವಷ್ಟು ಸಂತೋಷವಾಯಿತು. ಓಡಿಹೋಗಿ ಪ್ಯಾನಲ್ ಬಾಗಿಲು ತೆಗೆದೆ.

ಒಳಗೆ ಸಾಲಾಗಿ ನಿಂತ ಕಾರ್ಡುಗಳಿಗೆಲ್ಲ ವಿಭೂತಿ, ಕುಂಕುಮ. ನೀರಿನ ವಾಲ್ವಿನ ಕಾರ್ಡಿಗೆ ಧಾರಾಳವಾಗಿಯೇ ಬಿದ್ದಿತ್ತು. ಎರಡು ತಂತಿ ಕಚ್ಚಿದ ಸ್ಕ್ರೂಗಳ ನಡುವೆ ಅದು ತೆಂಗಿನಕಾಯಿ ನೀರಿನಲ್ಲಿ ನೆನೆದು ಇನ್ನೂ ಹಸಿಯಾಗಿತ್ತು. ಅರ್ಧ ಕರೆಂಟು ವಾಲ್ವಿನ ತನಕ ಹೋಗದೆ ಆ ಕುಂಕುಮದ ಮೇಲೇ ದಾಟಿ ಹಿಂದಿರುಗುತ್ತಿತ್ತು. ಪ್ರತಿ ವರ್ಷ ಬಾಗಿಲಿಗಷ್ಟೇ ಹಚ್ಚುತ್ತಿದ್ದರು. ಈ ವರ್ಷ ಒಳಗೆ ಹಚ್ಚಿದವರು ಯಾರೆಂದು ಕೇಳಿದೆ. ಅಣ್ಣನೇ ಎಂದರು ಅಲ್ಲಿದ್ದವರು.

ಕ್ಯಾಂಟೀನಿನ ಹಿಂದೆ ಕೂತಿದ್ದ ಅವನಿಗೆ ಎಲ್ಲ ಹೇಳಿದೆ.

"ಬಾಗ್ಲಕ್ಕ ಹಚ್ಚಿದ್ರ ಬಾಗ್ಲದ ಪೂಜಿ ಆತು. ದುಡಿಯೋದು ಒಳಗಿಂದಲ್ಲೇನು? ಅದಕ್ಕ ಹಚ್ಚಿದೆ," ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. "ತಂಗಿ, ಇದನ್ನ ಹೇಳಬ್ಯಾಡ. ನಾನ ನೀರು ಕಮ್ಮಿ ಮಾಡಿದೆ ಅಂತ ಇರ್ಲಿ."

"ಕೆಲಸ ಹೋಗ್ತದ ಅಣ್ಣಾ!"

"ಹೋಗ್ಲಿ. ಕೈತಪ್ಪು ಅಂದ್ರ ಜನ ಎರಡು ದಿನ ಬೈತಾರ. ಪೂಜಿ ಮಾಡಿದ್ದಕ್ಕ ಅವನ ಕಾಲು ಸುಟ್ಟವು ಅಂದ್ರ, ನಾನು ಮನ್ಯಾಗ ದೀಪ ಹೆಂಗ ಹಚ್ಚಲಿ?"

ನಾನು ಕೇಳಲಿಲ್ಲ. ಅಳೆಯುವುದೇ ನನ್ನ ಕಸುಬು, ಆರು ಕಂಡ ಮೇಲೆ ಹನ್ನೆರಡು ಎನ್ನಲು ನಾಲಗೆ ಹೊರಳುವುದಿಲ್ಲ. ಮ್ಯಾನೇಜರನ್ನು ಪ್ಯಾನಲ್ಲಿನ ಮುಂದೆ ನಿಲ್ಲಿಸಿ ತೋರಿಸಿದೆ. ಪೂಜೆಯ ಹೊತ್ತಿಗೆ ತಾನೂ ಕೈಮುಗಿದು ನಿಂತಿದ್ದವನಾದ್ದರಿಂದ ಅವನು ಹೆಚ್ಚು ಕೂಗಾಡಲಿಲ್ಲ. ಕಾರ್ಡು ಬದಲಾಯಿತು, ಪ್ಯಾನಲ್ಲಿಗೆ ಬೀಗ ಬಿತ್ತು, ಅಣ್ಣನ ಕೆಲಸ ಉಳಿಯಿತು. ಆ ಸಂಜೆ ನನ್ನ ಬಗ್ಗೆ ನನಗೇ ಹೆಮ್ಮೆ. ಅಣ್ಣ ಮಾತ್ರ ನನ್ನ ಕಡೆ ನೋಡಲಿಲ್ಲ.

ಆ ವಾರವೇ ಕಾಲು ಸುಟ್ಟವನನ್ನು ನೋಡಲು ಹೊಸಪೇಟೆಯ ಆಸ್ಪತ್ರೆಗೆ ನಾನು ಹೋದಾಗ ಅಣ್ಣನೂ ಅಲ್ಲಿದ್ದ. ಗಾಯಾಳು ಮಂಪರಿನಲ್ಲಿದ್ದ. ಅವನ ತಾಯಿ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು.

"ನೀನು ಹಿಂದಿನ ದಿನ ಅಷ್ಟು ಚಂದ ಪೂಜಿ ಮಾಡಿದ್ದಿ ಅಂತಲ್ಲಪ್ಪ. ಅದಕ್ಕ ನನ್ನ ಮಗನ ಜೀವ ಉಳೀತು. ಇಲ್ಲಾಂದ್ರ ಪೂರಾ ಸುಟ್ಟು ಹೋಗ್ತಿದ್ದ."

ಸುಮ್ಮನಿರು ಅಣ್ಣಾ, ಎಂದು ನನ್ನ ಮನಸ್ಸು ಕೂಗುತ್ತಿತ್ತು. ಇಡೀ ಕಾರ್ಖಾನೆಯ ಮುಂದೆ ನಿಜ ಹೇಳಿದ್ದ ನನಗೆ ಈಗ ಆ ನಿಜ ಎಲ್ಲಾದರೂ ಹಾಳಾಗಿ ಹೋಗಲಿ ಎನಿಸಿತ್ತು.

"ಇಲ್ಲಬೇ," ಎಂದ ಅಣ್ಣ. "ನಾನು ಹಚ್ಚಿದ ಕುಂಕುಮದಿಂದನ ನೀರು ಕಮ್ಮಿ ಆಗಿದ್ದು. ಈಕಿ ನೋಡ್ಯಾಳ. ಕೇಳು ಬೇಕಾದ್ರ."

ಆಕೆ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಆಕೆ ಅವನ ಕೈ ಬಿಟ್ಟು ಎದ್ದು, ಮಂಚದ ಆ ಕಡೆಗೆ ಹೋಗಿ ಮಗನ ಪಕ್ಕ ಕೂತಳು.